ಕೀಡಾ ಜಡಿ ಎಂದರೇನು?

ಪ್ರಶ್ನೆ: ಹಿಮಾಲಯದ ಕೀಡಾ ಜಡಿಗೆ ಕಿಲೋಗೆ ಲಕ್ಷಗಟ್ಟಲೆ ಬೆಲೆಯಂತೆ. ಅದು ಹುಳುವೋ, ಬೇರೋ? ಕೊಳ್ಳಬಹುದೇ?

ಉತ್ತರ: ಹುಳುವನ್ನು ತಿಂದು ಬೆಳೆದ ಶಿಲೀಂಧ್ರ ಅದು. 3000 ಮೀಟರಿಗೂ ಎತ್ತರದ ಹುಲ್ಲುಗಾವಲಿನ ಮಣ್ಣಿನಲ್ಲಿರುವ ಪತಂಗದ ಮರಿಹುಳುವಿನೊಳಗೆ ಹೊಕ್ಕು, ಚರ್ಮವನ್ನಷ್ಟೇ ಉಳಿಸುತ್ತದೆ. ಹಿಮ ಕರಗಿದಾಗ ಸತ್ತ ಹುಳುವಿನ ತಲೆಯಿಂದ ಕಂದು ಕಡ್ಡಿಯೊಂದು ನೆಲದ ಮೇಲೆ ಇಣುಕುತ್ತದೆ. ಉತ್ತರಾಖಂಡದ ಪಿತೋರಗಢದಲ್ಲಿ, ನೇಪಾಳದ ಡೋಲ್ಪಾದಲ್ಲಿ ಜನ ಮೇ–ಜೂನಿನಲ್ಲಿ ಅಂಬೆಗಾಲಿಟ್ಟು ಹುಡುಕುವುದು ಇದನ್ನೇ. ಎಷ್ಟೋ ಮನೆಗಳ ವರ್ಷದ ಖರ್ಚು ಅದರಿಂದಲೇ ನಡೆಯುತ್ತದೆ, ಹಾಗಾಗಿ ಅವರನ್ನು ದೂರುವುದು ನ್ಯಾಯವಲ್ಲ. ಆದರೆ ಬೀಜಕ ಚೆಲ್ಲುವ ಮೊದಲೇ ಕಿತ್ತರೆ ಮುಂದಿನ ಪೀಳಿಗೆ ಎಲ್ಲಿಂದ ಬರಬೇಕು? 2020ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅಳಿವಿನ ಭೀತಿಯ ಕೆಂಪುಪಟ್ಟಿಗೆ ಸೇರಿಸಿತು. ಪುರುಷತ್ವ ಹೆಚ್ಚುತ್ತದೆ, ಕ್ಯಾನ್ಸರ್ ಗುಣವಾಗುತ್ತದೆ ಎಂಬ ಮಾತುಗಳಿಗೆ ಗಟ್ಟಿ ಪುರಾವೆಯಿಲ್ಲ. ದಯವಿಟ್ಟು ಕೊಳ್ಳಬೇಡಿ.