ಕ್ಯಾನ್ಸರ್ ಆರೈಕೆಯಲ್ಲಿ ಸೂಜಿಯ ಪಾಲು

ಸ್ತನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಆಗಿ, ಕೀಮೋ, ರೇಡಿಯೇಶನ್ ಎಲ್ಲ ದಾಟಿ ಮನೆಗೆ ಬಂದ ಮೇಲೂ ಅನೇಕ ಮಹಿಳೆಯರ ಚಿಕಿತ್ಸೆ ಮುಗಿದಿರುವುದಿಲ್ಲ. ಮುಟ್ಟು ನಿಂತವರಲ್ಲಿ, ಗಡ್ಡೆ ಈಸ್ಟ್ರೊಜನ್ ಹಾರ್ಮೋನಿನ ಬಲದಿಂದ ಬೆಳೆಯುವ ಬಗೆಯದಾಗಿದ್ದರೆ, ವೈದ್ಯರು ಸಾಮಾನ್ಯವಾಗಿ ಲೆಟ್ರೊಜೋಲ್ ಅಥವಾ ಅನಾಸ್ಟ್ರೊಜೋಲ್ ಮಾತ್ರೆ ಬರೆದುಕೊಡುತ್ತಾರೆ. ದಿನಕ್ಕೊಂದರಂತೆ ಐದು ವರ್ಷ, ಕೆಲವರು ಅದಕ್ಕೂ ಹೆಚ್ಚು ಕಾಲ ನುಂಗಬೇಕು. ಕ್ಯಾನ್ಸರ್ ಮರುಕಳಿಸದಂತೆ ತಡೆಯುವುದರಲ್ಲಿ ಈ ಪುಟ್ಟ ಮಾತ್ರೆಯ ಪಾತ್ರ ದೊಡ್ಡದು.

ತೊಂದರೆ ಏನೆಂದರೆ, ಇದನ್ನು ನುಂಗುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಕೀಲುನೋವು ಕಾಡುತ್ತದೆ. ಬೆಳಗ್ಗೆ ಎದ್ದರೆ ಬೆರಳು ಮಡಚಲಾಗದು, ಚಪಾತಿ ಲಟ್ಟಿಸಲು ಮಣಿಕಟ್ಟು ಒಪ್ಪದು, ನೆಲದ ಮೇಲೆ ಕೂತರೆ ಏಳಲು ಯಾರಾದರೂ ಕೈಕೊಡಬೇಕು. ಸಾಕಪ್ಪಾ ಈ ಮಾತ್ರೆ ಎಂದು ನಡುವೆಯೇ ಬಿಟ್ಟುಬಿಡುವವರಿದ್ದಾರೆ. ಬಿಟ್ಟರೆ ಕ್ಯಾನ್ಸರ್ ಮರಳುವ ಅಪಾಯ ಹೆಚ್ಚುತ್ತದೆ.

ಅಕ್ಯುಪಂಕ್ಚರ್ ಬಗ್ಗೆ ಮಾತು ಶುರುವಾಗಬೇಕಾದ್ದು ಇಲ್ಲಿಂದಲೇ. ಸೂಜಿ ಗಡ್ಡೆಯನ್ನು ಕರಗಿಸುವುದಿಲ್ಲ. ಆದರೆ ಗಡ್ಡೆಗೆ ಕೊಡುವ ಚಿಕಿತ್ಸೆಯನ್ನು ತಾಳಿಕೊಳ್ಳಲು ಅದು ನೆರವಾದೀತೇ? ಈ ಪ್ರಶ್ನೆಯನ್ನು ವಿಜ್ಞಾನಿಗಳು ಗಂಭೀರವಾಗಿಯೇ ಒರೆಗೆ ಹಚ್ಚಿದ್ದಾರೆ.

ಒರೆಗೆ ಹಚ್ಚುವುದು ಸುಲಭವಾಗಿರಲಿಲ್ಲ. ಮಾತ್ರೆಯ ಪರೀಕ್ಷೆಯಲ್ಲಾದರೆ ಸಕ್ಕರೆಯ ಗುಳಿಗೆ ಕೊಟ್ಟು ಹೋಲಿಸಬಹುದು. ಸೂಜಿಗೆ ಬದಲಾಗಿ ಏನು ಕೊಡುವುದು? ಅರ್ಧ ಗಂಟೆ ನೆಮ್ಮದಿಯಾಗಿ ಮಲಗಿದ್ದರೆ, ಯಾರೋ ಅಕ್ಕರೆಯಿಂದ ವಿಚಾರಿಸಿಕೊಂಡರೆ, ಅಷ್ಟಕ್ಕೇ ನೋವು ಕೊಂಚ ತಗ್ಗುವುದುಂಟು. 1998ರಲ್ಲಿ ಜರ್ಮನಿಯ ಸಂಶೋಧಕರು ಮೊಂಡು ತುದಿಯ ಸೂಜಿಯೊಂದನ್ನು ಪರಿಚಯಿಸಿದರು. ಚರ್ಮಕ್ಕೆ ತಗುಲಿದ ಕೂಡಲೇ ಅದು ನಾಟಕದ ಕಠಾರಿಯಂತೆ ಹಿಡಿಯೊಳಗೆ ಸರಿದುಬಿಡುತ್ತದೆ. ರೋಗಿಗೆ ಚುಚ್ಚಿದಂತೆಯೇ ಅನಿಸುತ್ತದೆ. ಇನ್ನು ಕೆಲವು ಪರೀಕ್ಷೆಗಳಲ್ಲಿ ಅಕ್ಯುಪಂಕ್ಚರ್ ಬಿಂದುಗಳಲ್ಲದ ಕಡೆ ಸೂಜಿಯನ್ನು ಮೇಲ್ಮೇಲೆ ತಾಗಿಸುತ್ತಾರೆ. ಇವನ್ನು ತೋರಿಕೆಯ ಸೂಜಿ ಎನ್ನೋಣ.

ಇದೇ ಕೀಲುನೋವಿನ ಮೇಲೆ ಅಮೆರಿಕದ 11 ಕೇಂದ್ರಗಳಲ್ಲಿ 226 ಮಹಿಳೆಯರನ್ನು ಸೇರಿಸಿ ನಡೆಸಿದ ಪರೀಕ್ಷೆಯ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ನಿಜವಾದ ಸೂಜಿ, ಇನ್ನೊಂದಕ್ಕೆ ತೋರಿಕೆಯದು, ಮೂರನೆಯದಕ್ಕೆ ಸದ್ಯಕ್ಕೆ ಏನೂ ಇಲ್ಲ. ಆರು ವಾರಗಳ ಬಳಿಕ, ಹತ್ತು ಅಂಕಗಳ ಅಳತೆಯಲ್ಲಿ ನೋವು ನಿಜವಾದ ಸೂಜಿಯವರಲ್ಲಿ ಸುಮಾರು ಎರಡು ಅಂಕ ಇಳಿದಿತ್ತು, ಉಳಿದೆರಡು ಗುಂಪುಗಳಲ್ಲಿ ಸುಮಾರು ಒಂದು. ಒಂದು ಅಂಕದ ಈ ಅಂತರ ಪವಾಡವೇನಲ್ಲ. ಆದರೂ ವರ್ಷಗಟ್ಟಲೆ ಮಾತ್ರೆ ನುಂಗಬೇಕಾದವರಿಗೆ ಅಷ್ಟು ಹಗುರವಾದರೂ ಬೆಲೆಯಿದೆ.

ಕೀಮೋದ ವಾಂತಿಗೆ ಸೂಜಿಯ ನಂಟು ಇನ್ನೂ ಹಳೆಯದು. ಅಂಗೈ ಮೇಲೆ ಮಾಡಿ, ಮಣಿಕಟ್ಟಿನ ಗೆರೆಯಿಂದ ಮೊಣಕೈಯತ್ತ ಮೂರು ಬೆರಳಗಲ ಸರಿದರೆ, ಎರಡು ಸ್ನಾಯುರಜ್ಜುಗಳ ನಡುವೆ ಒಂದು ತಗ್ಗು ಸಿಗುತ್ತದೆ. ವಾಂತಿಗೆ ಸೂಜಿ ಚುಚ್ಚುವ ಆ ಬಿಂದುವಿನ ಹೆಸರು ಪಿ6. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಭಾರೀ ಪ್ರಮಾಣದ ಕೀಮೋ ಪಡೆಯುತ್ತಿದ್ದ 104 ಮಹಿಳೆಯರ ಪೈಕಿ ಔಷಧಿ ಮಾತ್ರ ಪಡೆದವರು ಐದು ದಿನಗಳಲ್ಲಿ ಸುಮಾರು 15 ಸಲ ವಾಂತಿ ಮಾಡಿಕೊಂಡರೆ, ಔಷಧಿಯ ಜೊತೆಗೆ ವಿದ್ಯುತ್ ಹಾಯಿಸಿದ ಸೂಜಿ ಚಿಕಿತ್ಸೆಯನ್ನೂ ಪಡೆದವರು ಸುಮಾರು 5 ಸಲ. ಇಂದು ಒಂಡಾನ್ಸೆಟ್ರಾನ್‌ನಂಥ ಉತ್ತಮ ಔಷಧಿಗಳಿವೆ. ಸೂಜಿ ಅವುಗಳಿಗೆ ಜೊತೆಯಾಗಬೇಕೇ ಹೊರತು ಬದಲಿಯಾಗಬಾರದು.

ನಮ್ಮ ದೇಶದಲ್ಲಿ ತಂಬಾಕಿನಿಂದಾಗಿ ಬಾಯಿ, ಗಂಟಲಿನ ಕ್ಯಾನ್ಸರ್ ಹೆಚ್ಚು. ರೇಡಿಯೇಶನ್‌ನಿಂದ ಜೊಲ್ಲಿನ ಗ್ರಂಥಿಗಳು ಸೊರಗಿ ಬಾಯಿ ಒಣಗಿದರೆ ಒಂದು ತುತ್ತು ಅನ್ನ ನುಂಗುವುದೂ ಸಂಕಟ. ಶಾಂಘೈ ಮತ್ತು ಹ್ಯೂಸ್ಟನ್‌ಗಳಲ್ಲಿ 399 ರೋಗಿಗಳ ಮೇಲೆ ನಡೆದ, 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವರ್ಷದ ನಂತರವೂ ಬಾಯಿ ಒಣಗುವ ತೀವ್ರ ತೊಂದರೆ ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 55ರಷ್ಟು ಮಂದಿಗಿತ್ತು, ತೋರಿಕೆಯ ಸೂಜಿಯವರಲ್ಲಿ ಶೇ. 48, ನಿಜವಾದ ಸೂಜಿಯವರಲ್ಲಿ ಶೇ. 35. ಕುತೂಹಲದ ಸಂಗತಿಯೆಂದರೆ, ತೋರಿಕೆಯ ಸೂಜಿ ಶಾಂಘೈಯಲ್ಲಿ ಅಷ್ಟೇನೂ ಕೆಲಸ ಮಾಡಲಿಲ್ಲ, ಹ್ಯೂಸ್ಟನ್‌ನಲ್ಲಿ ಚೆನ್ನಾಗಿಯೇ ಮಾಡಿತು. ನಿರೀಕ್ಷೆಗೂ ಗುಣಕ್ಕೂ ಇರುವ ಸಂಬಂಧ ಪೂರ್ತಿ ಬಿಡಿಸಿಕೊಂಡಿಲ್ಲ.

ಹಾಗೆಂದು ಎಲ್ಲವೂ ಮನಸ್ಸಿನ ಆಟವೂ ಅಲ್ಲ. 2010ರಲ್ಲಿ ಅಮೆರಿಕದ ರೋಚೆಸ್ಟರ್‌ನ ವಿಜ್ಞಾನಿಗಳು ಇಲಿಯ ಮಂಡಿಯ ಬಳಿ ಸೂಜಿ ಚುಚ್ಚಿ ಆಗಾಗ ತಿರುಗಿಸಿದಾಗ, ಆ ಜಾಗದಲ್ಲಿ ನೋವು ಶಮನ ಮಾಡುವ ಅಡೆನೊಸಿನ್ ಎಂಬ ರಾಸಾಯನಿಕ ಏರಿತು. ಅದನ್ನು ಗ್ರಹಿಸುವ ಗ್ರಾಹಕವೇ ಇಲ್ಲದ ಇಲಿಗಳಲ್ಲಿ ಸೂಜಿಯಿಂದ ನೋವು ತಗ್ಗಲಿಲ್ಲ.

ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘಟನೆಗಳು 2022ರ ಮಾರ್ಗಸೂಚಿಯಲ್ಲಿ, ಮೇಲೆ ಹೇಳಿದ ಮಾತ್ರೆಗಳಿಂದ ಬರುವ ಕೀಲುನೋವಿಗೆ ಅಕ್ಯುಪಂಕ್ಚರ್ ಸೂಚಿಸಬಹುದೆಂದು ಒಪ್ಪಿಕೊಂಡವು.

ಸೂಜಿಗೆ ಒಪ್ಪಿಸಿಕೊಳ್ಳುವ ಮುನ್ನ ನಿಮ್ಮ ಕ್ಯಾನ್ಸರ್ ವೈದ್ಯರಿಗೆ ತಿಳಿಸಿ. ಕೀಮೋ ನಡುವೆ ಬಿಳಿ ರಕ್ತಕಣ ಕುಸಿದಿದ್ದರೆ ಸೋಂಕಿನ, ಪ್ಲೇಟ್‌ಲೆಟ್ ಕುಸಿದಿದ್ದರೆ ರಕ್ತಸ್ರಾವದ ಭಯವಿದೆ. ಕಂಕುಳಿನ ದುಗ್ಧಗ್ರಂಥಿ ತೆಗೆಸಿಕೊಂಡು ಊದಿರುವ ತೋಳಿಗೆ ಚುಚ್ಚಿಸಿಕೊಳ್ಳಬೇಡಿ. ಪೇಸ್‌ಮೇಕರ್ ಇದ್ದವರಿಗೆ ವಿದ್ಯುತ್ ಹಾಯಿಸುವ ವಿಧಾನ ಬೇಡ. ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಲಿ. ಕ್ಯಾನ್ಸರ್ ರೋಗಿಗಳ ಜೊತೆ ಪಳಗಿದ, ಸರಿಯಾದ ತರಬೇತಿ ಪಡೆದವರನ್ನೇ ಹುಡುಕಿ.

ಕೀಮೋ ಬಿಡಿ, ಸೂಜಿಯಲ್ಲೇ ಗುಣಪಡಿಸುತ್ತೇನೆ ಎನ್ನುವವರಿಂದ ಮಾತ್ರ ದೂರ ಇರಿ. ಗುಣಪಡಿಸಬಹುದಾದ ಕ್ಯಾನ್ಸರ್‌ಗೆ ಪರ್ಯಾಯ ಚಿಕಿತ್ಸೆಯನ್ನಷ್ಟೇ ನೆಚ್ಚಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು ಎಂದು ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ವರದಿ ಮಾಡಿದ್ದಾರೆ. ನೋವಾದರೆ ಹಲ್ಲು ಕಚ್ಚಿ ಸಹಿಸುವುದೂ ಬೇಡ, ಹೇಳದೆ ಮಾತ್ರೆ ಬಿಡುವುದೂ ಬೇಡ. ಮುಂದಿನ ಭೇಟಿಯಲ್ಲಿ ವೈದ್ಯರ ಬಳಿ ಅದನ್ನೇ ಮೊದಲು ಹೇಳಿ. ಸಂಕಟ ತಗ್ಗಿಸುವುದೂ ಕ್ಯಾನ್ಸರ್ ಚಿಕಿತ್ಸೆಯ ಭಾಗವೇ, ಅದನ್ನು ಕೇಳಿ ಪಡೆಯುವುದು ರೋಗಿಯ ಹಕ್ಕು.