ಬಿಸಿಗಾಳಿಯು ಧ್ರುವವನ್ನೇಕೆ ಮುಟ್ಟದು?

ಕಳೆದ ವರ್ಷ ಭೂಗೋಳದ ಪಾಠದಲ್ಲಿ ನಾವು ವಾಯುಮಂಡಲದ ಸಂಚಾರವನ್ನು ವಿವರಿಸುತ್ತಿದ್ದೆವು. ಭೂಮಧ್ಯರೇಖೆಯ ಬಳಿ ಕಾದ ಗಾಳಿಯು ಮೇಲೇರಿ, ಧ್ರುವದತ್ತ ಸಾಗಿ, ೩೦ನೆಯ ಅಕ್ಷಾಂಶದ ಸುಮಾರಿಗೆ ಇಳಿದು, ನೆಲದ ಮೇಲಿಂದ ಹಿಂದಿರುಗುತ್ತದೆ ಎಂದು ಕರಿಹಲಗೆಯ ಮೇಲೆ ಬಾಣಗಳನ್ನು ಬರೆದೆವು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ಗುರುಗಳೇ, ಧ್ರುವವು ಇನ್ನೂ ಅಷ್ಟು ದೂರವಿರುವಾಗ ಗಾಳಿ ಅಲ್ಲಿಯೇ ಏಕೆ ಇಳಿಯಬೇಕು?” ಎಂದನು. “ದಾರಿಯಲ್ಲಿ ತಣಿಯಿತು” ಎಂದು ಹೇಳಿ ಅವನನ್ನು ಕೂರಿಸಿದೆವು. ಅವನೀಗ ಶಾಲೆ ಬಿಟ್ಟಿದ್ದಾನೆ. ನಮ್ಮ ಅರೆಬರೆ ಉತ್ತರವನ್ನು ಇಲ್ಲಿ ತಿದ್ದಬೇಕಾಗಿದೆ.

ಗಾಳಿ ತಣಿಯುವುದೇನೋ ನಿಜ. ಆದರೆ ಅದರ ಪಯಣಕ್ಕೆ ಎಲ್ಲೆ ಹಾಕುವುದು ಭೂಮಿಯ ತಿರುಗುವಿಕೆ. ಬಿದಿರಿನ ಕೊಳವೆಯೊಳಗೆ ದಾರ ತೂರಿಸಿ, ತುದಿಗೆ ರಬ್ಬರಿನ ತುಂಡೊಂದನ್ನು ಕಟ್ಟಿ ತಿರುಗಿಸಿರಿ. ದಾರದ ಕೆಳತುದಿಯನ್ನು ಮೆಲ್ಲನೆ ಎಳೆದಂತೆ ರಬ್ಬರು ಒಳಸರಿದು ಇನ್ನೂ ವೇಗದಿಂದ ಸುತ್ತುತ್ತದೆ. ಧ್ರುವದತ್ತ ಸಾಗುವ ಗಾಳಿಯೂ ಹೀಗೆಯೇ ಭೂಮಿಯ ಅಕ್ಷವನ್ನು ಸಮೀಪಿಸುತ್ತದೆ. ಭೂಮಧ್ಯರೇಖೆಯಲ್ಲಿ ನೆಲದೊಡನೆ ಗಂಟೆಗೆ ಸುಮಾರು ೧,೬೭೦ ಕಿಲೋಮೀಟರ್ ವೇಗದಿಂದ ಪೂರ್ವಕ್ಕೆ ಸಾಗುತ್ತಿದ್ದ ಗಾಳಿಯು, ಯಾವ ತಡೆಯೂ ಇಲ್ಲದಿದ್ದರೆ, ೩೦ನೆಯ ಅಕ್ಷಾಂಶದಲ್ಲಿ ಅಲ್ಲಿನ ನೆಲವನ್ನು ಗಂಟೆಗೆ ೪೮೦ ಕಿಲೋಮೀಟರುಗಳಷ್ಟು ಹಿಂದೆ ಹಾಕಬೇಕು, ೬೦ರಲ್ಲಿ ೨,೫೦೦ರಷ್ಟು! ಅಂತಹ ಬಿರುಗಾಳಿ ನಿಲ್ಲಲಾರದು. ಅದಕ್ಕೆ ಬಹಳ ಮೊದಲೇ ಪ್ರವಾಹವು ಕದಡಿ ಸುಳಿಗಳಾಗಿ ಒಡೆಯುತ್ತದೆ. ಧ್ರುವದತ್ತ ಶಾಖವನ್ನು ಹೊರುವ ಕೆಲಸ ಮುಂದೆ ಆ ಸುಳಿಗಳದು. ಇತ್ತ ಇಳಿಯುವ ಒಣಗಾಳಿಯ ಕೆಳಗೆ ಸಹಾರಾ, ಅರೇಬಿಯಾಗಳ ಮರುಭೂಮಿಗಳು ಹರಡಿವೆ.

ಈ ಸಂಚಾರಕ್ಕೆ ಹೆಸರು ಕೊಟ್ಟ ಜಾರ್ಜ್ ಹ್ಯಾಡ್ಲಿಯು ಲಂಡನ್ನಿನ ವಕೀಲ. ವಾಣಿಜ್ಯ ಮಾರುತಗಳು ಓರೆಯಾಗಿ ಬೀಸುವುದಕ್ಕೆ ಭೂಭ್ರಮಣವೇ ಕಾರಣವೆಂದು ೧೭೩೫ರಲ್ಲಿ ತೋರಿಸಿದವನು ಇವನೇ. ಆದರೆ ಗಾಳಿಯು ತನ್ನ ಮೊದಲಿನ ವೇಗವನ್ನಷ್ಟೇ ಉಳಿಸಿಕೊಳ್ಳುತ್ತದೆಂದು ಬಗೆದು ಅವನೂ ಎಡವಿದನು. ನಮಗೆ ತುಸು ಸಮಾಧಾನ!

ತಿರುಗುವಿಕೆಯ ಮಹಿಮೆಯನ್ನು ಬೇರೆ ಗ್ರಹಗಳಲ್ಲಿ ಪರೀಕ್ಷಿಸಬಹುದು. ಶುಕ್ರನು ಒಂದು ಸುತ್ತು ತಿರುಗಲು ನಮ್ಮ ೨೪೩ ದಿನಗಳು ಬೇಕು. ಅಲ್ಲಿಯ ಗಾಳಿಯ ಸಂಚಾರವು ೬೦ನೆಯ ಅಕ್ಷಾಂಶದವರೆಗೂ ಚಾಚುತ್ತದೆ. (ನೆಲ ಇಷ್ಟು ಆಲಸಿಯಾದರೂ ಮೇಲಿನ ಮೋಡಗಳು ನಾಲ್ಕೇ ದಿನಗಳಲ್ಲಿ ಗ್ರಹವನ್ನು ಸುತ್ತಿಬರುತ್ತವೆ, ಅದು ಬೇರೆಯೇ ಸೋಜಿಗ.) ಗುರುವಾದರೋ ಹತ್ತು ಗಂಟೆಯೊಳಗೆ ಒಮ್ಮೆ ತಿರುಗುತ್ತಾನೆ. ಅವನ ಒಡಲೊಳಗಿನ ಶಾಖವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದು ನಿಜವೇ. ಆದರೂ ಆ ರಭಸದ ಭ್ರಮಣದಿಂದ ಅವನ ವಾಯುಮಂಡಲವು ಹತ್ತಾರು ಪಟ್ಟೆಗಳಾಗಿ ಸೀಳಿದೆ. ಚಿಕ್ಕ ದೂರದರ್ಶಕದಲ್ಲಿಯೂ ಎರಡು ಕಂದು ಪಟ್ಟೆಗಳಾದರೂ ಕಾಣಿಸುತ್ತವೆ.