ಕೆಲಸಕ್ಕೆ ಮರಳುವ ತಾಯಂದಿರಿಗೆ: ಎದೆಹಾಲು ಮತ್ತು ಪುಡಿ ಹಾಲು

ಹೆರಿಗೆ ರಜೆ ಮುಗಿಯುತ್ತಾ ಬಂದಾಗ "ಇನ್ನು ಎದೆಹಾಲು ಬಿಡಿಸಿಬಿಡೋಣ" ಎಂದು ಅನೇಕ ಮನೆಗಳಲ್ಲಿ ತೀರ್ಮಾನಿಸುತ್ತಾರೆ. ಇದರ ಅಗತ್ಯವಿಲ್ಲ. ನೀವು ಮನೆಯಲ್ಲಿ ಇಲ್ಲದ ಹೊತ್ತಿನ ಹಾಲನ್ನು ಮಾತ್ರ ಬದಲಿಸಿದರೆ ಸಾಕು. ಹೊರಡುವ ಮೊದಲು, ಸಂಜೆ ಬಂದ ಮೇಲೆ ಮತ್ತು ರಾತ್ರಿ ಎದೆಹಾಲನ್ನೇ ಕೊಡಿ. 6 ತಿಂಗಳು ತುಂಬಿದ ಮಗುವಿಗೆ ರಾಗಿ ಸರಿ, ಮೆತ್ತಗಿನ ಬೇಳೆ ಅನ್ನ ಆರಂಭಿಸಿ, 2 ವರ್ಷದವರೆಗೂ ಎದೆಹಾಲು ಮುಂದುವರಿಸಬಹುದು.

ಮೊದಲು ಹಿಂಡಿದ ಹಾಲು

ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ ಮುಚ್ಚಿಡಿ. ಮನೆಯ ತಂಪು ಜಾಗದಲ್ಲಿ 4 ಗಂಟೆ, ಫ್ರಿಜ್ಜಿನ ಒಳಭಾಗದಲ್ಲಿ 24 ಗಂಟೆ ಇಡಬಹುದು. ಒಲೆಯ ಮೇಲೆ ಕಾಯಿಸಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟು ಬೆಚ್ಚಗೆ ಮಾಡಿ. ಕೆಲಸದ ಸ್ಥಳದಲ್ಲೂ 3-4 ಗಂಟೆಗೊಮ್ಮೆ ಹಿಂಡಿದರೆ ಎದೆ ಕಟ್ಟುವುದಿಲ್ಲ, ಹಾಲೂ ಬತ್ತುವುದಿಲ್ಲ.

ಪುಡಿ ಹಾಲು ಬೇಕಾದರೆ

ಕೆಲಸಕ್ಕೆ ಹೋಗುವ 2 ವಾರ ಮೊದಲೇ ಆರಂಭಿಸಿ. ಹಗಲಿನ ಒಂದು ಹೊತ್ತಿನ ಹಾಲನ್ನು ಮಾತ್ರ ಬದಲಿಸಿ. 3-4 ದಿನ ಕಳೆದ ಮೇಲೆ ಇನ್ನೊಂದು ಹೊತ್ತು. ತಾಯಿಯ ಕೈಯಲ್ಲಿ ಮಗು ಎದೆಯನ್ನೇ ಹುಡುಕುತ್ತದೆ. ಆದ್ದರಿಂದ ಅಜ್ಜಿಯೋ ತಂದೆಯೋ ಕುಡಿಸಲಿ. ಬಾಟಲಿಗಿಂತ ಒಳಲೆ ಅಥವಾ ಬಟ್ಟಲು-ಚಮಚ ಒಳ್ಳೆಯದು. ತೊಳೆಯುವುದು, ಕುದಿಸುವುದು ಸುಲಭ. ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಬದಲು ಹಸುವಿನ ಹಾಲು ಬೇಡ.

ಬೆರೆಸುವ ಕ್ರಮ

1. ಕೈ, ಪಾತ್ರೆ ತೊಳೆಯಿರಿ. ಪಾತ್ರೆ, ಒಳಲೆಯನ್ನು ಕುದಿಸಿ.
2. ನೀರನ್ನು ಕುದಿಸಿ ಇಳಿಸಿ. ಅರ್ಧ ಗಂಟೆಯೊಳಗೆ, ಚೆನ್ನಾಗಿ ಬಿಸಿಯಿರುವಾಗಲೇ ಬೆರೆಸಿ. ಪುಡಿಯಲ್ಲಿಯೂ ರೋಗಾಣು ಇರಬಹುದು, ಬಿಸಿನೀರು ಅದನ್ನು ಕೊಲ್ಲುತ್ತದೆ.
3. ಮೊದಲು ನೀರು, ನಂತರ ಪುಡಿ. ಡಬ್ಬಿಯೊಳಗಿನ ಚಮಚವನ್ನೇ ಬಳಸಿ, ಮೇಲ್ಭಾಗ ಸಮ ಮಾಡಿ. ಡಬ್ಬಿಯ ಮೇಲೆ ಬರೆದ ಅಳತೆಯನ್ನು ಪಾಲಿಸಿ.
4. ಆರಿಸಿ, ಮಣಿಕಟ್ಟಿನ ಮೇಲೆ ಹನಿ ಹಾಕಿ ನೋಡಿ ಕುಡಿಸಿ. ಮಗು ಕುಡಿದು ಉಳಿಸಿದ್ದನ್ನು ಚೆಲ್ಲಿಬಿಡಿ.

ಡಬ್ಬಿ ಹೆಚ್ಚು ದಿನ ಬರಲಿ ಎಂದು ನೀರು ಹೆಚ್ಚಿಸಬೇಡಿ. ಮಗುವಿನ ಹೊಟ್ಟೆ ತುಂಬಿದಂತೆ ಕಾಣುತ್ತದೆ, ತೂಕ ಮಾತ್ರ ಏರುವುದಿಲ್ಲ. ಗಟ್ಟಿಯಾಗಿ ಬೆರೆಸುವುದೂ ಅಪಾಯವೇ. ಮಗುವಿನ ಮೈಯಲ್ಲಿ ನೀರಿನ ಅಂಶ ಕಡಿಮೆಯಾಗುತ್ತದೆ. ಡಬ್ಬಿ ಕೊಳ್ಳಲು ಹಣ ಸಾಲದಿದ್ದರೆ ಸಂಕೋಚವಿಲ್ಲದೆ ಹೇಳಿ. ಹಿಂಡಿದ ಹಾಲಿನಲ್ಲೇ ನಿಭಾಯಿಸುವ ದಾರಿ ಹುಡುಕೋಣ.

ನಿಮ್ಮ ಹಕ್ಕು

10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ 2017ರಿಂದ ಕಾನೂನಿನಲ್ಲಿದೆ. 50 ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರವಿರಬೇಕು. ತಾಯಿ ದಿನಕ್ಕೆ 4 ಸಲ ಅಲ್ಲಿಗೆ ಹೋಗಿಬರಬಹುದು. ಸೇರುವ ಮೊದಲೇ ವಿಚಾರಿಸಿ.

ತಡಮಾಡದೆ ಆಸ್ಪತ್ರೆಗೆ ಬನ್ನಿ

* ಭೇದಿ, ಪದೇ ಪದೇ ವಾಂತಿ, ಕಣ್ಣು ಗುಳಿ ಬಿದ್ದಿರುವುದು
* ದಿನಕ್ಕೆ 6 ಸಲಕ್ಕಿಂತ ಕಡಿಮೆ ಮೂತ್ರ
* ಮಗು ಮಂಕಾಗಿ ಹಾಲು ಕುಡಿಯದಿರುವುದು
* ತಾಯಿಗೆ ಜ್ವರ, ಎದೆ ಕೆಂಪಾಗಿ ನೋಯುವುದು. ಆಗಲೂ ಹಾಲುಣಿಸುವುದನ್ನು ನಿಲ್ಲಿಸಬೇಡಿ

ಮುಂದಿನ ಲಸಿಕೆಗೆ ಬರುವಾಗ, ಹಗಲು ಮಗುವನ್ನು ನೋಡಿಕೊಳ್ಳುವವರನ್ನೂ ಕರೆತನ್ನಿ. ಹಾಲು ಹಿಂಡುವುದು, ಬೆರೆಸುವುದು, ಒಳಲೆಯಲ್ಲಿ ಕುಡಿಸುವುದು ಎಲ್ಲವನ್ನೂ ದಾದಿಯರು ಮಾಡಿ ತೋರಿಸುತ್ತಾರೆ.